ಕುದಿಯುವ ಕಾರಿನಲ್ಲಿ ಟಿಬೆಟ್ ಕ್ಯಾಂಪಿಗೆ

ದಾಂಡೇಲಿ

ಪರದೇಶಕ್ಕೆ ಹೋಗಿ ಬಂದವರು ತಮ್ಮ ಕಥೆಯನ್ನು ವಿಮಾನದ ಕಿಟಕಿಯಿಂದ ಶುರು ಮಾಡುತ್ತಾರೆ. ನಾನು ರೇಡಿಯೇಟರಿನಿಂದ ಶುರು ಮಾಡಬೇಕು. ವಿಮಾನ ಹತ್ತಿದವಳಲ್ಲ, ಪಾಸ್‌ಪೋರ್ಟ್ ಇಲ್ಲ, ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ನಾನು ನೋಡಿದ ಪರದೇಶ ಮುಂಡಗೋಡದ ಪಕ್ಕದಲ್ಲಿದೆ. ಅಲ್ಲಿ ಬೋರ್ಡಿನ ಅಕ್ಷರ ಬೇರೆ, ತಿನ್ನುವುದು ಬೇರೆ, ದೇವರು ಬೇರೆ. ಅದು ಪರದೇಶವಲ್ಲ ಎಂದು ಯಾರಿಗಾದರೂ ತಕರಾರಿದ್ದರೆ ಪೂರ್ತಿ ಓದಿ ಆಮೇಲೆ ಹೇಳಲಿ. ನನಗೂ ಆ ವಿಷಯ ಇನ್ನೂ ಸರಿಯಾಗಿ ಬಗೆಹರಿದಿಲ್ಲ.

ನಮ್ಮ ಮನೆಯಲ್ಲಿ ಒಂದು ಬಿಳಿ ಅಂಬಾಸಿಡರ್ ಇದೆ. ನನ್ನ ಗಂಡ ಅದನ್ನು ಕಾಗದ ಗಿರಣಿಯ ಗೇಟಿನ ಮುಂದೆ ಬಾಡಿಗೆಗೆ ನಿಲ್ಲಿಸುತ್ತಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷ. ಮಗ ಗಿರಣಿಯಲ್ಲಿ ಪಾಳಿ ಕೆಲಸದವನು, ಸ್ಟೇರಿಂಗ್ ಹಿಡಿದರೆ ಅವನ ಕೈ ನಡುಗುತ್ತದೆ. ಗಾಡಿ ಹೊಡೆಯುವವಳು ಸೊಸೆ ರೇಣುಕಾ. ಮಾವನೇ ಕಲಿಸಿದ್ದು. ಜೋಯಿಡಾ ಕಡೆಯ ಒಂದು ರೆಸಾರ್ಟಿನವರು ಹಳೇ ಕಾರು ಎಂದು ಖುಷಿಪಟ್ಟು, ತಮ್ಮ ಅತಿಥಿಗಳನ್ನು ಉಳವಿಗೆ ಕರೆದುಕೊಂಡು ಹೋಗಲು ಅವಳನ್ನು ಕರೆಯತೊಡಗಿದ್ದರು. ಎರಡು ಸಲ ಹೋದಳು. ಎರಡೂ ಸಲ ಏರಿನಲ್ಲಿ ಇಂಜಿನ್ ಕುದಿಯಿತು. ಅತಿಥಿಗಳು ಕಾಡಿನ ನಡುವೆ ಇಳಿದು ಹೊಗೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮ್ಯಾನೇಜರನಿಗೆ ಅದರಲ್ಲಿ ಚಂದ ಕಾಣಲಿಲ್ಲ. ಬರುವ ಭಾನುವಾರ ತಾನೇ ಕೂತು ಉಳವಿಯವರೆಗೆ ಬರುತ್ತೇನೆ, ಮತ್ತೊಮ್ಮೆ ಕುದಿದರೆ ಗಾಡಿಯನ್ನು ಗೇಟಿನೊಳಗೆ ತರಬೇಡಿ ಎಂದು ಹೇಳಿ ಕಳಿಸಿದ.

ಆ ಕೆಲಸ ಹೋದರೆ ಗಾಡಿ ಗುಜರಿಗೆ ಹೋಗುತ್ತದೆ, ರೇಣುಕಾ ಹೊಲಿಗೆ ಮಷಿನ್ನಿಗೆ ಹೋಗುತ್ತಾಳೆ. ಆ ಮಷಿನ್ ಕಂಡರೆ ಅವಳಿಗೆ ಆಗುವುದಿಲ್ಲ. ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ದಾಂಡೇಲಿಯ ಮೆಕ್ಯಾನಿಕ್ ಆ ರೇಡಿಯೇಟರನ್ನು ಎರಡು ಸಲ ತೊಳೆದುಕೊಟ್ಟಿದ್ದ. ಮೂರನೇ ಸಲ ಕೈ ಮುಗಿದ. ಕಟ್ಟಿಗೆ ಲಾರಿಯ ಡ್ರೈವರ್ ಒಬ್ಬ, ಮುಂಡಗೋಡದ ಟಿಬೆಟ್ ಕ್ಯಾಂಪಿನಲ್ಲಿ ತಾಶಿ ಎನ್ನುವವನಿದ್ದಾನೆ, ಹಳೇ ಗಾಡಿಗಳಿಗೆ ದೊಡ್ಡ ಜಾಳಿ ಹಾಕಿ ಕರೆಂಟಿನ ಫ್ಯಾನ್ ಕೂರಿಸಿಕೊಡುತ್ತಾನೆ ಎಂದ. ಜಾಳಿ ಎಂದರೆ ರೇಡಿಯೇಟರಿನ ಹೊಟ್ಟೆ. ಅದರ ಸಣ್ಣ ನಳಿಗೆಗಳಲ್ಲಿ ಬಿಸಿನೀರು ಇಳಿಯುತ್ತಾ ತಣ್ಣಗಾಗುತ್ತದೆ. ಗುರುವಾರ ಬೆಳಿಗ್ಗೆ ಹೊರಟೆವು.

ಹಳಿಯಾಳ

ನಾನು ಮುಂದಿನ ಸೀಟಿನಲ್ಲಿ ಕೂತೆ. ಕಾಲ ಬಳಿ ಎರಡು ನೀರಿನ ಕ್ಯಾನು, ತೊಡೆಯ ಮೇಲೆ ಒದ್ದೆ ಗೋಣಿಚೀಲ. ಬಿಸಿ ತೋರಿಸುವ ಮೀಟರಿನ ಮುಳ್ಳು ಏರಿತು ಎಂದರೆ ನಾನು ಹೇಳಬೇಕು, ಅವಳು ನಿಲ್ಲಿಸಬೇಕು, ಗೋಣಿಚೀಲ ಹಾಕಿ ಮುಚ್ಚಳ ಬಿಚ್ಚಬೇಕು, ನಾನು ನೀರು ಹೊಯ್ಯಬೇಕು. ನನ್ನ ಗಂಡನ ಕಾಲದಿಂದಲೂ ಇದೇ ಪದ್ಧತಿ. ನಾನು ಕಂಡ ಊರುಗಳನ್ನೆಲ್ಲ ಆ ಮುಳ್ಳು ನೋಡುವ ನಡುನಡುವೆ ಕಂಡವಳು.

ಹಳಿಯಾಳ ಇನ್ನೂ ಕಾಣುವ ಮೊದಲೇ ಕುದಿಯಿತು. ಕಬ್ಬಿನ ಗದ್ದೆಯ ಪಕ್ಕ ನಿಲ್ಲಿಸಿದೆವು. ಆಟೋದವನೊಬ್ಬ ಸಹಾಯಕ್ಕೆಂದು ಬಂದು, ಸಹಾಯ ಮಾಡದೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಹೆಣ್ಣಮಕ್ಕಳು ಗೇರ್ ಎಳದು ಎಳದು ಹೊಡಿತಾರ," ಎಂದ ನನಗೆ, ರೇಣುಕಾ ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. "ಇಂಜಿನ್ ಕಾಯದ ಏನ ಮಾಡ್ತೈತಿ?"

ಸುಳ್ಳು ಯಾಕೆ ಬರೆಯಲಿ, ನಾನು ಅವನಿಗೆ ಹೌದು ಎಂದೆ. ಯಜಮಾನರು ಹೊಡೆಯುವಾಗ ಇಷ್ಟು ಕುದಿಯುತ್ತಿರಲಿಲ್ಲ ಎಂದೂ ಸೇರಿಸಿದೆ. ರೇಣುಕಾ ಒದ್ದೆ ಚೀಲದಿಂದ ಮುಚ್ಚಳ ತಿರುವುತ್ತಿದ್ದಳು, ತಿರುಗಿ ನೋಡಲಿಲ್ಲ. ಆಟೋದವನು ಹೋದ ಮೇಲೆ ಅಂದಳು, "ಅತ್ತೀ, ನೀವು ಸುಮ್ಮ ನೀರ ಹೊಯ್ರಿ." ಹೊಯ್ದೆ.

ಮುಂಡಗೋಡ

ಕಲಘಟಗಿ ಮೇಲೆ ಹಾದು ಹೋದೆವು. ದಾರಿಯಲ್ಲಿ ಇನ್ನೊಮ್ಮೆ ಕುದಿಯಿತು, ಅದನ್ನು ಬರೆಯುವುದಿಲ್ಲ, ಹಳಿಯಾಳದ್ದೇ ಮತ್ತೆ. ಮುಂಡಗೋಡದ ಬಸ್‌ಸ್ಟ್ಯಾಂಡಿನ ಬಳಿ ಟಿಬೆಟಿನವರ ಊರು ಯಾವ ಕಡೆ ಎಂದು ಚಹಾದಂಗಡಿಯವನನ್ನು ಕೇಳಿದೆ. "ಎಷ್ಟನೇ ನಂಬರಿಂದು?" ಎಂದ. ಊರಿಗೆ ನಂಬರ್ ಇರುತ್ತದೆಯೇ? ಇರುತ್ತದಂತೆ. ಅಲ್ಲಿ ಹಳ್ಳಿಗಳಿಗೆ ಹೆಸರಿನ ಬದಲು ಒಂದು, ಎರಡು, ಮೂರು ಎಂದು ಲೆಕ್ಕ. ನಮಗೆ ನಂಬರ್ ಗೊತ್ತಿರಲಿಲ್ಲ. ರೇಡಿಯೇಟರ್ ತಾಶಿ ಎಂದ ಮೇಲೆ ಅವನು ಬಾಯಿಬಿಟ್ಟು ನಗುತ್ತಾ ದಾರಿ ತೋರಿಸಿದ.

ಕ್ಯಾಂಪ್

ಮುಂಡಗೋಡ ದಾಟಿ ಸ್ವಲ್ಪ ದೂರಕ್ಕೇ ಎಲ್ಲವೂ ಬದಲಾಯಿತು. ಹೊಲ ಅದೇ, ಮಣ್ಣು ಅದೇ, ಮೆಕ್ಕೆಜೋಳದ ಕಡ್ಡಿ ಅದೇ. ಆದರೆ ಹೊಲದಾಚೆ ಅವರ ಗುಡಿಯ ಬಂಗಾರದ ಬಣ್ಣದ ಛಾವಣಿ. ಕಂಬದಿಂದ ಕಂಬಕ್ಕೆ ಬಣ್ಣಬಣ್ಣದ ಬಟ್ಟೆ ಚೂರು ಕಟ್ಟಿದ್ದರು. ಒಗೆದು ಒಣಹಾಕಿದ ಕರವಸ್ತ್ರ ಎಂದುಕೊಂಡೆ, ಇಷ್ಟು ಜನರಿಗೆ ಒಟ್ಟಿಗೇ ನೆಗಡಿಯೇ ಎಂದೂ ಅನಿಸಿತು. ಅವು ಪ್ರಾರ್ಥನೆಯಂತೆ. ಬರೆದು ಗಾಳಿಗೆ ಕಟ್ಟಿಬಿಡುತ್ತಾರೆ, ಗಾಳಿ ಓದುತ್ತದೆ. ನಮ್ಮಲ್ಲಿ ಭಟ್ಟರೇ ಓದಬೇಕು.

ತಾಶಿಯ ಶೆಡ್ ರಸ್ತೆಯ ಬದಿಗೇ ಇತ್ತು. ಐವತ್ತು ದಾಟಿದ ಆಳು, ಚಪ್ಪಟೆ ಮುಖ, ಕೈ ಪೂರ್ತಿ ಕಪ್ಪು. ಹಿಂದಿಯಲ್ಲಿ ಮಾತಾಡಬೇಕಾದೀತು ಎಂದು ರೇಣುಕಾ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸುತ್ತಾ ಬಂದಿದ್ದಳು. ಅವನು ಬಾನೆಟ್ ಎತ್ತಿ, "ಏನ ತ್ರಾಸ ಐತ್ರಿ?" ಎಂದ. ಧಾರವಾಡದ ಮಾತು, ನನ್ನ ತವರಿನದೇ. ನಾನು ಅವನ ಮುಖವನ್ನೂ ಬಾಯಿಯನ್ನೂ ಬೇರೆಬೇರೆಯಾಗಿ ನೋಡಿದೆ.

ಊರು ಯಾವುದಪ್ಪಾ ಎಂದು ಕೇಳಿದೆ. ಇದೇ ಊರು, ಹುಟ್ಟಿದ್ದು ಇಲ್ಲೇ ಎಂದ. ಆದರೆ ಕಾಗದಪತ್ರದಲ್ಲಿ ತಾನು ಪರದೇಶಿ ಎಂದು ಹೇಳಿ ನಕ್ಕ. ನಮ್ಮ ಕಡೆ ಪರದೇಶಿ ಎಂದರೆ ಹಿಂದೆ ಮುಂದೆ ಯಾರೂ ಇಲ್ಲದವನು. ಇವನಿಗೆ ಶೆಡ್ ಇದೆ, ಹೆಂಡತಿ ಇದ್ದಾಳೆ, ಒಳಗೆ ತಾಯಿ ಇದ್ದಾಳೆ. ಅವನಿಗಾಗಿ ಮರುಗಬೇಕೋ ಬೇಡವೋ ತಿಳಿಯದೆ ಸ್ಟೂಲಿನ ಮೇಲೆ ಕೂತೆ.

ಆ ತಾಯಿಯ ವಿಷಯ. ತಾಶಿ ಒಳಗೆ ನೋಡಿ "ಅಮಾಲಾ" ಎಂದು ಕರೆದ. ಮಣಿಸರ ಹಿಡಿದ ಸಣ್ಣ ಮುದುಕಿ ಹೊರಗೆ ಬಂದು ನನ್ನ ಮುಂದೆ ನಿಂತು, ತಲೆ ಕೆರೆದು, ನಾಲಿಗೆ ಹೊರಗೆ ಚಾಚಿದಳು. ಉದ್ದಕ್ಕೆ, ಬೇರಿನವರೆಗೆ. ನಾನು ಎಂಥೆಂಥ ಜಗಳಗಂಟಿಯರನ್ನು ಕಂಡವಳು, ಆದರೆ ಮುಖ ಕಂಡ ಕೂಡಲೇ ನಾಲಿಗೆ ತೋರಿಸಿದವರನ್ನು ಕಂಡಿರಲಿಲ್ಲ. ನಾನೇನು ಕಡಿಮೆ? ನಾನೂ ಚಾಚಿದೆ. ಇಬ್ಬರೂ ಹಾಗೆಯೇ ನಿಂತೆವು. ಮುದುಕಿಯ ಕಣ್ಣಲ್ಲಿ ನೀರು ಬರುವಷ್ಟು ನಗು. ರೇಣುಕಾ ವಾರದಲ್ಲಿ ಮೊದಲ ಸಲ ನಕ್ಕಳು. ಅವರ ನಾಡಿನ ಹಳಬರು ಮರ್ಯಾದೆ ಕೊಡುವುದು ಹಾಗಂತೆ, ಈಗಿನವರು ಯಾರೂ ಮಾಡುವುದಿಲ್ಲವಂತೆ. ಹಾಗಾದರೆ ನಾನೂ ಮರ್ಯಾದೆಯನ್ನೇ ಕೊಟ್ಟ ಹಾಗಾಯಿತು, ಇರಲಿ.

ನಾನು ಆಕೆಯನ್ನು ಅಮಲಾಬಾಯಿ ಎಂದು ಕರೆಯತೊಡಗಿದೆ. ಮಧ್ಯಾಹ್ನ ಪಕ್ಕದ ಅಂಗಡಿಯ ಮುದುಕಿಯನ್ನೂ ಯಾರೋ ಅಮಾಲಾ ಎಂದರು. ದಾರಿಯಲ್ಲಿ ಹೋಗುವ ಇನ್ನೊಬ್ಬಳೂ ಅಮಾಲಾ. ಒಂದೇ ಓಣಿಯಲ್ಲಿ ಇಷ್ಟು ಜನಕ್ಕೆ ಒಂದೇ ಹೆಸರಿಟ್ಟರೆ ಪಡಿತರ ಚೀಟಿಯಲ್ಲಿ ಹೇಗೆ ಗುರುತು ಹಿಡಿಯುತ್ತಾರೆ ಎಂದು ಯೋಚಿಸುತ್ತಾ ಕೂತಿದ್ದೆ. ಆಗ ಕೆಂಪು ಬಟ್ಟೆಯ ಸನ್ಯಾಸಿಯೊಬ್ಬ ಬಂದು, ಸ್ಟೂಲು ಸ್ವಲ್ಪ ಸರಿಸಿ ಅಮಾಲಾ ಎಂದು ನನಗೇ ಹೇಳಿದ. ನನ್ನ ಹೆಸರು ಗಂಗವ್ವ ಎಂದೆ. ತಾಶಿ ಬಾನೆಟ್ಟಿನೊಳಗಿಂದಲೇ ತಿಳಿಸಿದ: ಅಮಾಲಾ ಎಂದರೆ ಅವ್ವ. ನಾನು ಬಂದಾಗಿನಿಂದ ಅವನ ತಾಯಿಯನ್ನು ಅವ್ವಾಬಾಯಿ ಎಂದು ಕರೆದಿದ್ದೆ.

ಆ ಹೊತ್ತಿಗೆ ಅವನು ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪು ಬಿಚ್ಚಿದ. ಮೊದಲು ನೀರು ಬಂತು. ಆಮೇಲೆ ನಿಂತಿತು. ಕಡ್ಡಿ ಹಾಕಿ ತಿವಿದ. ಕಡಲೆಹಿಟ್ಟಿನ ಝುಣಕದ ಹಾಗೆ ಗಟ್ಟಿಯಾಗಿ, ಹಳದಿಯಾಗಿ, ತಟ್ಟೆಗೆ ದೊಪ್ಪನೆ ಬಿತ್ತು.

ತಾಶಿ ಅದನ್ನು ಬೆರಳಿಗೆ ಹಚ್ಚಿ ಮೂಸಿದ.

"ಅಮ್ಮಾರ, ಇದರೊಳಗ ಯಾರ ಅಡಗಿ ಮಾಡ್ಯಾರ?"

ನಾನು ಬಂಗಾರದ ಛಾವಣಿಯನ್ನು ನೋಡಿದೆ. ರೇಣುಕಾ ತನ್ನ ಚಪ್ಪಲಿ ನೋಡಿದಳು.

ಇಲ್ಲಿ ಓದುವವರಿಗೆ ಹೇಳಿಬಿಡುತ್ತೇನೆ. ಅದು ಅರಿಶಿನ. ರೇಡಿಯೇಟರ್ ಸೋರಿದರೆ ಒಂದು ಚಮಚ ಅರಿಶಿನದ ಪುಡಿ ಹಾಕಿದರೆ ಊದಿ ತೂತು ಮುಚ್ಚುತ್ತದೆ ಎಂದು ನನ್ನ ಗಂಡ ಕಲಿಸಿದ್ದರು. ಹಳೇ ಡ್ರೈವರುಗಳೆಲ್ಲ ಮಾಡುತ್ತಿದ್ದರು. ಅವರು ಹೋದ ಮೇಲೆ ನಾನು ಅದನ್ನು ಬಿಡಲಿಲ್ಲ. ಗಾಡಿ ಹೊರಡುವ ಮೊದಲು, ರೇಣುಕಾ ಮನೆಗೆ ಬೀಗ ಹಾಕುವಷ್ಟರಲ್ಲಿ, ಅವಳಿಗೆ ಕಾಣದ ಹಾಗೆ ಒಂದು ಚಮಚ. ಕುದಿದ ದಿನ ಎರಡು. ಏನೂ ಹಾಕಬೇಡಿ ಎಂದು ದಾಂಡೇಲಿಯ ಮೆಕ್ಯಾನಿಕ್ ಹೇಳಿದ್ದ. ಈಗಿನವರಿಗೆ ಏನು ಗೊತ್ತು ಎಂದು, ಅವನು ತೊಳೆದುಕೊಟ್ಟ ಮರುದಿನವೇ ಹಾಕಿದ್ದೆ. ತಟ್ಟೆಯಲ್ಲಿ ಬಿದ್ದದ್ದು ನನ್ನದು. ಹಳಿಯಾಳದಲ್ಲಿ ನಾನು ಆಟೋದವನಿಗೆ ಹೇಳಿದ ಮಾತು ಕಿವಿಯಲ್ಲೇ ಇತ್ತು.

ಹೇಳಿದೆನೇ? ಇಲ್ಲ. "ನಮ್ಮ ಯಜಮಾನ್ರು ಹಾಕ್ತಿದ್ರು," ಎಂದೆ.

"ಅವರೆಲ್ಲಿದಾರ?"

"ತೀರಿಕೊಂಡು ನಾಕು ವರ್ಷ ಆತು."

ತಾಶಿ ಮತ್ತೊಮ್ಮೆ ಮೂಸಿದ. "ಇದು ನಾಕು ವರ್ಷದ್ದಲ್ರೀ. ಇನ್ನೂ ವಾಸನಿ ಐತಿ."

ಅಷ್ಟರಲ್ಲಿ ರೇಣುಕಾ ನಡುವೆ ಬಾಯಿ ಹಾಕಿ, ಅದು ಯಾರದಾದರೂ ಇರಲಿ, ಭಾನುವಾರದೊಳಗೆ ಆಗುತ್ತದೋ ಇಲ್ಲವೋ ಹೇಳಿ ಎಂದಳು. ಅವಳಿಗೆ ಗೊತ್ತಾಗಿದೆ, ಸಿಟ್ಟು ನುಂಗಿಕೊಂಡಿದ್ದಾಳೆ, ಮನೆಗೆ ಹೋದ ಮೇಲೆ ಇದೆ ನನಗೆ ಎಂದುಕೊಂಡೆ. ಶನಿವಾರ ಮಧ್ಯಾಹ್ನಕ್ಕೆ ಕೊಡುತ್ತೇನೆ ಎಂದ ತಾಶಿ.

ಅವನ ತಾಯಿ ನನ್ನ ಕೈಗೆ ದಾರದಲ್ಲಿ ಪೋಣಿಸಿದ ಬಿಳಿಯ ತುಂಡುಗಳಲ್ಲಿ ಒಂದನ್ನು ಬಿಡಿಸಿ ಕೊಟ್ಟಳು. ಒಣಕೊಬ್ಬರಿ ಎಂದು ಕಚ್ಚಿದೆ. ಉಳಿದಿರುವ ಹಲ್ಲುಗಳಲ್ಲಿ ಒಂದು ಅಲ್ಲಾಡಿತು. ಹಾಲನ್ನು ಒಡೆಸಿ ಒಣಗಿಸಿ ಕಲ್ಲು ಮಾಡಿದ್ದಂತೆ, ಕಚ್ಚಬಾರದು, ಬಾಯಲ್ಲಿ ಇಟ್ಟುಕೊಂಡಿರಬೇಕು. ಇಟ್ಟುಕೊಂಡೆ. ಮಾತಾಡಲು ಆಗದಿದ್ದದ್ದು ಆ ಹೊತ್ತಿಗೆ ಒಳ್ಳೆಯದೇ ಆಯಿತು. ಸಂಜೆ ಹತ್ತಿರದ ಸನವಳ್ಳಿಯ ಬೀಗರ ಮನೆಗೆ ಹೋಗಿ ಉಳಿದುಕೊಂಡಾಗಲೂ ಅದು ಅರ್ಧ ಬಾಯಲ್ಲಿತ್ತು.

ಮತ್ತೆ ಕ್ಯಾಂಪ್

ಶನಿವಾರ ಹೋದಾಗ ಗಾಡಿಯ ಮುಖದೊಳಗೆ ಹೊಸ ಜಾಳಿ ಹೊಳೆಯುತ್ತಿತ್ತು. ಮೇಲಿನ ಕೆಳಗಿನ ಹಿತ್ತಾಳೆಯ ಡಬ್ಬಿ ನಮ್ಮದೇ ಹಳೆಯವು, ನಡುವಿನ ತಾಮ್ರದ ಹೊಟ್ಟೆ ಹೊಸದು. ಮೊದಲು ಮೂರು ಸಾಲು ನಳಿಗೆ ಇದ್ದವು, ಈಗ ನಾಲ್ಕು. ಅದರ ಮುಂದೆ ಕರೆಂಟಿನ ಫ್ಯಾನ್. ಬಿಸಿಯಾದರೆ ತಾನೇ ತಿರುಗುತ್ತದೆ, ತಣ್ಣಗಾದರೆ ತಾನೇ ನಿಲ್ಲುತ್ತದೆ. ಇಷ್ಟರವರೆಗೆ ನನಗೆ ತಿಳಿಯಿತು.

ಆಮೇಲೆ ಅವನು ಬೆಳ್ಳುಳ್ಳಿ ಗಡ್ಡೆಯಷ್ಟು ದೊಡ್ಡ ಹಿತ್ತಾಳೆಯ ವಾಲ್ವ್ ತೋರಿಸಿದ. ಇಂಜಿನ್ ಬಿಸಿಯಾಗುವವರೆಗೆ ಅದು ನೀರನ್ನು ಜಾಳಿಗೆ ಬಿಡುವುದಿಲ್ಲವಂತೆ. ನನ್ನ ಗಂಡ ಅದನ್ನು ಯಾವತ್ತೋ ಕಿತ್ತು ಎಸೆದಿದ್ದರು. ನೀರಿಗೆ ಅಡ್ಡ ಬರುವುದು ಯಾಕೆ ಬೇಕು ಎಂದು ಅವರ ಮಾತು, ಅದು ನನಗೆ ಸರಿಯೆಂದೇ ಕಂಡಿತ್ತು. ತಣ್ಣಗೆ ಮಾಡಬೇಕಾದ ಕಡೆ ನೀರು ತಡೆಯುವುದು ಎಂಥ ವಿದ್ಯೆ? ತಾಶಿ ವಾದ ಮಾಡಲಿಲ್ಲ. ತಾಯಿಯ ಒಲೆಯ ಮೇಲೆ ಪಾತ್ರೆಯಲ್ಲಿ ನೀರಿಟ್ಟು, ವಾಲ್ವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟ. ನಾವು ನಾಲ್ಕು ಜನ ಪಾತ್ರೆಯ ಸುತ್ತ ಬಗ್ಗಿ ನಿಂತೆವು. ನೀರು ಸುಮ್ಮನಿತ್ತು, ವಾಲ್ವ್ ಮುಚ್ಚಿಯೇ ಇತ್ತು. ನೀರು ಕುದಿಗೆ ಬರುವ ಮೊದಲು ಅದು ಯಾರೂ ಮುಟ್ಟದೆ ಮೆಲ್ಲಗೆ ಬಾಯಿ ತೆರೆಯಿತು. ಅಮಾಲಾ ಕೈ ಮುಗಿದಳು. ನಾನೂ ಮುಗಿದೆ, ಯಾಕೆಂದು ಗೊತ್ತಿಲ್ಲ.

ಮುಚ್ಚಳದ ವಿಷಯ ಮಾತ್ರ ಇಂದಿಗೂ ತಲೆಗೆ ಹೋಗಿಲ್ಲ. ನಮ್ಮವರು ಅದನ್ನು ಅರ್ಧ ತಿರುವಿ ಸಡಿಲ ಬಿಡುತ್ತಿದ್ದರು, ಉಗಿ ಹೋಗಲಿ ಎಂದು. ತಾಶಿ ಸ್ಪ್ರಿಂಗ್ ಇರುವ ಹೊಸದನ್ನು ಬಿಗಿಯಾಗಿ ಮುಚ್ಚಿದ. ಒಳಗೆ ಒತ್ತಡ ಇದ್ದರೆ ನೀರು ತಡವಾಗಿ ಕುದಿಯುತ್ತದಂತೆ. ಕುಕ್ಕರಿನ ಮುಚ್ಚಳ ಬಿಗಿ ಇದ್ದರೆ ಬೇಳೆ ಬೇಗ ಬೇಯುತ್ತದಲ್ಲಪ್ಪಾ, ಒಳಗೆ ಹೆಚ್ಚು ಬಿಸಿ ಇರುವುದಕ್ಕಲ್ಲವೇ ಎಂದೆ. ಹೌದು, ಅದಕ್ಕೇ ಎಂದ. ಅದಕ್ಕೇ ಎಂದರೆ ಏನು? ಮೂರು ಸಲ ಹೇಳಿದ, ಮೂರು ಸಲವೂ ಹೌದು ಎಂದೆ. ಕೊನೆಗೆ ಕೂಲಂಟ್ ಎನ್ನುವ ಹಸಿರು ನೀರು ತುಂಬಿದ. ಇದು ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ, ಹುಷಾರು ಎಂದ. ಆಮೇಲೆ ನಮ್ಮಿಬ್ಬರನ್ನೂ ಎದುರು ನಿಲ್ಲಿಸಿ ಹೇಳಿದ:

"ಇದರೊಳಗ ಇನ್ನ ಏನೂ ಹಾಕಬ್ಯಾಡ್ರಿ. ಉಪ್ಪು ಖಾರಾನೂ ಬ್ಯಾಡ."

ಅಮಾಲಾ ಹೊರಡುವಾಗ ನನ್ನ ಹಣೆಗೆ ತನ್ನ ಹಣೆ ತಾಗಿಸಿದಳು. ಆಕೆ ಇಲ್ಲಿಗೆ ಬಂದು ಅರವತ್ತು ವರ್ಷದ ಹತ್ತಿರವಾಯಿತಂತೆ. ನಾನು ಮದುವೆಯಾಗಿ ಧಾರವಾಡ ಕಡೆಯಿಂದ ದಾಂಡೇಲಿಗೆ ಬಂದು ಅಷ್ಟಾಗಿಲ್ಲ. ಈ ಜಿಲ್ಲೆಗೆ ಯಾರು ಹೊಸಬರು ಎಂದು ಯಾರಾದರೂ ಕೇಳಿದರೆ ನಾನು ಏನು ಹೇಳಬೇಕೋ.

ಜೋಯಿಡಾದಿಂದ ಉಳವಿ

ಭಾನುವಾರ ಮ್ಯಾನೇಜರ್ ಹಿಂದಿನ ಸೀಟಿನಲ್ಲಿ ಒಬ್ಬನೇ ಕಾಲು ಚಾಚಿ ಕೂತ. ಕ್ಯಾನು ತರಬೇಡಿ ಎಂದು ರೇಣುಕಾ ನನಗೆ ಹೇಳಿದ್ದಳು. ಒಂದನ್ನು ಸೆರಗಿನಡಿ ತಂದು ಕಾಲ ಹಿಂದೆ ಇಟ್ಟುಕೊಂಡಿದ್ದೆ. ಬಿಸಿಲು ಜೋರಿತ್ತು. ಕಾಡಿನಲ್ಲಿ ಎಲೆ ಉದುರಿ ನೆರಳೂ ಇರಲಿಲ್ಲ.

ಕುಂಬಾರವಾಡಾ ಕಳೆದು ಏರು ಬಂದಾಗ ಮುಳ್ಳು ಅರ್ಧ ದಾಟಿತು. ನನ್ನ ಬಾಯಿ ತಾನಾಗಿ ತೆರೆಯಿತು. ರೇಣುಕಾ ರಸ್ತೆಯಿಂದ ಕಣ್ಣು ತೆಗೆಯದೆ ತಲೆ ಅಲ್ಲಾಡಿಸಿದಳು. ಮುಚ್ಚಿದೆ. ಮುಳ್ಳು ಇನ್ನೂ ಒಂದು ಕಾಳಿನಷ್ಟು ಏರಿತು. ಆಗ ಮುಂದೆ ಗುಂಯ್ ಎಂದು ಸದ್ದಾಯಿತು. ಹಿಂದಿನಿಂದ ಮ್ಯಾನೇಜರ್ "ಕಾಯ್ ಝಾಲಾ? ಏನಾತು?" ಎಂದು ಮುಂದಕ್ಕೆ ಬಗ್ಗಿದ. ಫ್ಯಾನ್ ಎಂದಳು ರೇಣುಕಾ. ಮುಳ್ಳು ಅಲ್ಲೇ ನಿಂತಿತು, ಏರು ಮುಗಿಯುವಷ್ಟರಲ್ಲಿ ಹಿಂದಕ್ಕೆ ಬಂತು. ಉಳವಿಯ ಗುಡಿಯ ಮುಂದೆ ಗಾಡಿ ನಿಂತಾಗ ಬಾನೆಟ್ಟಿನ ಮೇಲೆ ಒಂದು ಎಳೆ ಉಗಿ ಇರಲಿಲ್ಲ. ಮ್ಯಾನೇಜರ್ ಸುತ್ತು ಹಾಕಿ ನೋಡಿದ, ಕೆಳಗೆ ಬಗ್ಗಿ ನೋಡಿದ. ಕೆಲಸ ಉಳಿಯಿತು ಎಂದು ನಾನು ಗುಡಿಯ ಕಡೆ ತಿರುಗಿದೆ.

ಆಗ ಅವನು ನನಗೆ ಹೇಳಿದ, ರೇಣುಕಾಳಿಗಲ್ಲ.

"ಗಾಡಿ ಬರಾಬರ್ ಆಗೇತ್ರಿ, ಬಾಯಾರ. ಗಾಡಿ ಅಷ್ಟ ಬಿಡ್ರಿ, ಡ್ರೈವರ್ ನಾವು ಕೊಡ್ತೇವಿ. ಇಷ್ಟ ದಿವಸ ಕುದ್ದಿದ್ದು ಇವರ ಕೈಗುಣ. ಹೊಸಾ ಸಾಮಾನನೂ ಹಂಗ ಕೆಡಸ್ತಾರ."

ರೇಣುಕಾಳ ಕೈಯಲ್ಲಿ ಕೀಲಿ ಇತ್ತು. ಅದನ್ನು ಕೊಡಲಿಲ್ಲ. ಹಳಿಯಾಳದಲ್ಲಿ ನಿಂತ ಹಾಗೆಯೇ ನಿಂತಳು. ಹಳಿಯಾಳದಲ್ಲಿ ಆಟೋದವನ ಪಕ್ಕ ನಾನಿದ್ದೆ.

ಗುಡಿಗೆ ಬಂದವರು ಐದಾರು ಜನ ಅಲ್ಲೇ ಚಪ್ಪಲಿ ಬಿಡುತ್ತಿದ್ದರು. ಅವರಿಗೂ ಕೇಳಲಿ ಎಂದು ಹೇಳಲಿಲ್ಲ, ನನ್ನ ದನಿಯೇ ದೊಡ್ಡದು.

"ಅಕಿ ಕೈಗುಣ ಅಲ್ಲ. ನಾ ರೇಡಿಯೇಟರಿನ್ಯಾಗ ಅರಷಿಣ ಹಾಕ್ತಿದ್ದೆ. ಅದು ಕಟ್ಟಿ ಕುದೀತಿತ್ತು. ಅಕಿಗೆ ಗೊತ್ತಿಲ್ಲ."

"ಅರಷಿಣ? ಕಶಾಲಾ? ಯಾಕ?"

"ಸೋರಬಾರದಂತ."

"ಎಷ್ಟ ದಿವಸ?"

"ನಾಕು ವರ್ಷ."

ಅವನು ನನ್ನನ್ನು ನೋಡಿದ, ಬಾನೆಟ್ಟನ್ನು ನೋಡಿದ, ರೇಣುಕಾಳನ್ನು ನೋಡಿದ. ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಇನ್ನು ಹಾಕುತ್ತೀರೋ ಎಂದು ಕೇಳಿದ. ಇಲ್ಲ ಎಂದೆ. ಅವನು ಮೊದಲ ಸಲ ರೇಣುಕಾಳ ಕಡೆ ತಿರುಗಿ ಮಾತಾಡಿದ.

"ಶನಿವಾರ ಮುಂಜಾನೆ ಬರ್ರಿ. ನೀವ ಹೊಡೀರಿ. ಖರೆ ಇವರನ್ನ ಕರಕೊಂಡ ಬರಬ್ಯಾಡ್ರಿ."

ವಾಪಸ್

ಮ್ಯಾನೇಜರನನ್ನು ರೆಸಾರ್ಟಿನ ಗೇಟಿನಲ್ಲಿ ಇಳಿಸಿದೆವು. ರೇಣುಕಾ ಗಾಡಿಯನ್ನು ಜೋಯಿಡಾ ದಾಟಿಸಿದಳು. ಬೈಯಲಿ, ಬೈದು ಮುಗಿಸಲಿ ಎಂದು ಕಾಯುತ್ತಾ ಕೂತಿದ್ದೆ.

"ಅತ್ತೀ," ಎಂದಳು, "ನೀವು ಎಷ್ಟ ಚಮಚೆ ಹಾಕ್ತಿದ್ರಿ?"

"ಒಂದು. ಕುದ್ದ ದಿವಸ ಎರಡು."

ಅವಳು ಗೇರ್ ಬದಲಿಸಿದಳು. ಎದುರಿಗೆ ಬಸ್ಸು ಬಂತು, ಅದಕ್ಕೆ ದಾರಿ ಬಿಟ್ಟಳು.

"ನಾನೂ ಅಷ್ಟ ಹಾಕ್ತಿದ್ದೆ. ಗಾಡಿ ತೊಳಿಯೂ ಮುಂದ. ಮಾಂವಾರು ಕಲಿಸಿದ್ರು. ಹೇಳಿದ್ರ ನೀವು ಅಡಗೀಮನಿ ಅರಷಿಣ ಸುರುವಿದಿ ಅಂತ ಬೈತಿದ್ರಿ."

ಒಂದೇ ಡಬ್ಬಿಯಿಂದ ಇಬ್ಬರೂ ತೆಗೆದಿದ್ದೇವೆ. ಡಬ್ಬಿ ಬೇಗ ಖಾಲಿಯಾಗುತ್ತದೆ ಎಂದು ನಾನೇ ಅವಳ ಮುಂದೆ ಗೊಣಗಿದ್ದೇನೆ, ಅವಳೂ ನನ್ನ ಮುಂದೆ ಗೊಣಗಿದ್ದಾಳೆ.

"ಮತ್ತ ಉಳವಿಯೊಳಗ ಯಾಕ ಬಾಯಿ ಬಿಡಲಿಲ್ಲ? ನಾ ಒಬ್ಬಾಕೀನ ಅನ್ನಿಸಿಕೊಂಡೆ."

"ಇಬ್ರೂ ಹಾಕೇವಿ ಅಂದಿದ್ರ ಅಂವಾ ಗಾಡೀನೂ ಬ್ಯಾಡ ಅಂತಿದ್ದ, ಅತ್ತೀ."

ಅದೂ ಖರೆಯೇ. ಬೈಯಬೇಕೆಂದು ಬಾಯಿ ತೆರೆದೆ, ಯಾವುದಕ್ಕೆ ಬೈಯಬೇಕು ಎಂಬುದು ತೀರ್ಮಾನವಾಗಲಿಲ್ಲ. ಹಾಗೆಯೇ ಯೋಚಿಸುತ್ತಾ ಕೂತವಳಿಗೆ ಕಣ್ಣು ಮುಚ್ಚಿತು. ದಾಂಡೇಲಿಯಲ್ಲಿ ಮನೆಯ ಮುಂದೆ ಅವಳೇ ಭುಜ ಹಿಡಿದು ಎಬ್ಬಿಸಿದಳು. ಇಷ್ಟು ವರ್ಷದಲ್ಲಿ ಮುಳ್ಳು ಕಾಯುವುದು ಬಿಟ್ಟು ಆ ಗಾಡಿಯೊಳಗೆ ನಾನು ನಿದ್ದೆ ಮಾಡಿದ್ದು ಅದೊಂದೇ ಸಲ.